ಯಜಮಾನನ ಸಾಲು, ಹಂಪಕ್ಕನ ಮಂಡಿ

ಯುಗಾದಿಯ ಸಂಜೆ ಗಂಡಸರು ಪಂಚಾಂಗ ಕೇಳುವ ಕಟ್ಟೆಗೆ ಹೆಂಗಸೊಬ್ಬಳು ಕುರ್ಚಿ ತರಿಸಿಕೊಂಡು ಬಂದು ಕೂತದ್ದು ಸಂಡೂರಿನ ಆ ಲೇಬರ್ ಕಾಲೊನಿಯಲ್ಲಿ ಅದೇ ಮೊದಲು. ಆ ನೀಲಿ ಪ್ಲಾಸ್ಟಿಕ್ ಕುರ್ಚಿ ಹೊತ್ತವಳು ಸೊಸೆ ಪಲ್ಲವಿ. ಕೂತವಳು ಹಂಪಕ್ಕ. ಮನೆಯಿಂದ ಹನುಮಪ್ಪನ ಗುಡಿಯ ಕಟ್ಟೆ ಕೂಗಳತೆಯ ದೂರ. ಅಷ್ಟು ನಡೆಯಲು ಹಂಪಕ್ಕ ದಾರಿಯಲ್ಲಿ ಮೂರು ಕಡೆ ನಿಂತಿದ್ದಳು. ನಿಂತಲ್ಲೆಲ್ಲ ಪಲ್ಲವಿ ಕುರ್ಚಿ ಹಾಕಿದ್ದಳು.

"ಯಕ್ಕಾ, ಇದು ಗಂಡಸ್ರು ಕುಂದ್ರೋ ಕಟ್ಟಿ" ಎಂದ ಎರ್ರಿಯಪ್ಪ. ಗಣಿಯಲ್ಲಿ ಟಿಪ್ಪರ್ ಓಡಿಸಿ ರಿಟೈರ್ ಆದವನು. ಯಾರನ್ನಾದರೂ ಕೆಣಕದೆ ಅವನಿಗೆ ಚಹಾ ಇಳಿಯುತ್ತಿರಲಿಲ್ಲ.

"ಕಟ್ಟಿ ನಿಮ್ದ. ಕುರ್ಚಿ ನಂದು. ನಾ ಕಟ್ಟಿ ಮ್ಯಾಲ ಎಲ್ಲಿ ಕುಂತೀನಪ್ಪ?"

ಕಟ್ಟೆಯ ಮೇಲಿದ್ದ ಅವಳ ಗಂಡ ಸುಂಕಪ್ಪ, ಇವಳು ಯಾರೋ ಎನ್ನುವಂತೆ ಮುಖವನ್ನು ಗುಡಿಯ ಕಡೆ ತಿರುಗಿಸಿಕೊಂಡ.

ಹಂಪಕ್ಕನನ್ನು ಅಲ್ಲಿಗೆ ತಂದದ್ದು ಭಕ್ತಿಯಲ್ಲ, ಮಂಡಿ. ಅವಳು ರೊಟ್ಟಿ ಬಡಿಯುವವಳು. ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯ ಶಿಫ್ಟಿಗೆ ಹೋಗುವ ಗುತ್ತಿಗೆ ಹುಡುಗರು ಉಣ್ಣುವ ಒಂದು ಖಾನಾವಳಿಗೆ ದಿನಾ ಬೆಳಿಗ್ಗೆ ಜೋಳದ ರೊಟ್ಟಿ ಹೋಗುತ್ತಿದ್ದದ್ದು ಅವಳ ಒಲೆಯಿಂದ. ಮಗ ಹುಲುಗೇಶನೂ ಅದೇ ಕಾರ್ಖಾನೆಯ ಶಿಫ್ಟಿನಲ್ಲಿದ್ದ. ಡಬ್ಬಿಗಳನ್ನು ಬಸ್ಸಿನಲ್ಲಿ ಅವನೇ ಒಯ್ಯುತ್ತಿದ್ದ. ಹಿಟ್ಟು ನಾದಲು, ಬೇಯಿಸಲು ಇನ್ನಿಬ್ಬರು ಹೆಂಗಸರು ಬರುತ್ತಿದ್ದರು. ಬಡಿಯುವುದು ಮಾತ್ರ ಹಂಪಕ್ಕ. ಅವಳು ಬಡಿದ ರೊಟ್ಟಿ ಅಂಚಿನಲ್ಲಿ ಸೀಳುತ್ತಿರಲಿಲ್ಲ, ಸಂಜೆಯವರೆಗೆ ಇಟ್ಟರೂ ಮಡಚಲು ಬರುತ್ತಿತ್ತು.

ರೊಟ್ಟಿ ಬಡಿಯಲು ಒಲೆಯ ಮುಂದೆ ಒಂದು ಕಾಲು ಮಡಚಿ, ಇನ್ನೊಂದು ಚಾಚಿ ಕೂರಬೇಕು. ಎರಡು ವರ್ಷದಿಂದ ಯಾವ ಕಾಲೂ ಮಡಚುತ್ತಿರಲಿಲ್ಲ. ಸ್ಟೂಲಿನ ಮೇಲೆ ಕೂತು ಬಗ್ಗಿ ಬಡಿದರೆ ಸೊಂಟ ಹಿಡಿಯುತ್ತಿತ್ತು. ನಿಂತು ಬಡಿಯೋಣವೆಂದರೆ ನಾಲ್ಕು ರೊಟ್ಟಿಗೆ ಮಂಡಿ ನಡುಗುತ್ತಿತ್ತು. ಖಾನಾವಳಿಯವನು ಮೊದಲು ಸುಮ್ಮನಿದ್ದ. ಆಮೇಲೆ, ಹೊಸಪೇಟೆಯಲ್ಲಿ ರೊಟ್ಟಿ ಮಶೀನು ಬಂದಿದೆಯಂತೆ ಅಂತ ಮಾತಿನ ನಡುವೆ ಹೇಳಲು ಶುರು ಮಾಡಿದ. ಅದು ಮಾತಲ್ಲ, ನೋಟಿಸು ಅಂತ ಹಂಪಕ್ಕನಿಗೆ ತಿಳಿಯಿತು. ಮಂಡಿ ಬದಲಿಸಿಕೊಂಡರೆ ನಿಲ್ಲಬಹುದು. ನಿಂತರೆ ಬಡಿಯಬಹುದು. ಇಲ್ಲದಿದ್ದರೆ ಮಶೀನು.

ಮಂಡಿ ಬದಲಿಸುವ ಖರ್ಚು ಅವರ ಕೈಗೆ ಎಟುಕುವಂಥದ್ದಲ್ಲ. ಇದ್ದ ದಾರಿ ಒಂದೇ, ವಿಮೆ. ಸುಂಕಪ್ಪ ಡ್ರಿಲ್ಲಿಂಗ್ ಕೆಲಸ ಮಾಡಿ ಹೊರಬಂದ ಅದಿರು ಕಂಪನಿ, ರಿಟೈರ್ ಆದವರಿಗೂ ಅವರ ಹೆಂಡಂದಿರಿಗೂ ಒಟ್ಟಿಗೆ ಆರೋಗ್ಯ ವಿಮೆ ಮಾಡಿಸಿತ್ತು. ಏಪ್ರಿಲಿನಿಂದ ಮಾರ್ಚಿನವರೆಗೆ ಅದರ ವರ್ಷ. ಪ್ರತಿ ವರ್ಷ ಹೊಸದಾಗುವಾಗ ಏನಾದರೊಂದು ಬದಲಾಗುತ್ತಿತ್ತು. ಹೋದ ವರ್ಷ ಇದ್ದ ಆಸ್ಪತ್ರೆ ಈ ವರ್ಷ ಇರುವುದಿಲ್ಲ, ಪೂರ್ತಿ ಕೊಡುತ್ತಿದ್ದದ್ದು ಅರ್ಧಕ್ಕೆ ಇಳಿಯುತ್ತದೆ, ಕೇಳದೇ ಇದ್ದದ್ದೊಂದು ಸೇರಿಕೊಳ್ಳುತ್ತದೆ. ಬದಲಾದದ್ದೇನು ಎಂದು ತಿಳಿಸುವ ಕಾಗದ ಬರುತ್ತಿದ್ದದ್ದು ಮಾರ್ಚಿನಲ್ಲಿ. ಯುಗಾದಿಯೂ ಹೆಚ್ಚುಕಮ್ಮಿ ಆಗಲೇ.

ಕಾಲೊನಿಯಲ್ಲಿ ಪಂಚಾಂಗ ಓದುವ ಚನ್ನಯ್ಯ ಅದೇ ಕಂಪನಿಯ ಟೈಮ್ ಆಫೀಸಿನಲ್ಲಿ ಕ್ಲಾರ್ಕ್ ಆಗಿದ್ದವರು. ಹಿಂದೊಂದು ಯುಗಾದಿ, ಪಂಚಾಂಗ ಮುಗಿದ ಮೇಲೆ ಯಾರೋ ಕೈಗಿಟ್ಟ ವಿಮೆ ಕಾಗದವನ್ನೂ ಅವರು ಅದೇ ರಾಗದಲ್ಲಿ ಓದಿಬಿಟ್ಟರು. ಜನಕ್ಕೆ ಹಿಡಿಸಿತು. ಅಂದಿನಿಂದ ಅದೇ ಪದ್ಧತಿ. ಮೊದಲು ಮಳೆ ಬೆಳೆ, ಆಮೇಲೆ ರಾಶಿಫಲ, ಕೊನೆಗೆ ಕಂಪನಿ ಫಲ. ಕಾಗದದಲ್ಲಿ ವಯಸ್ಸಿಗೊಂದು ಸಾಲು. ಯಾವ ಸಾಲಿಗೆ ಯಾವ ಚಿಕಿತ್ಸೆ ಉಂಟು, ಯಾವುದು ಇಲ್ಲ ಎಂದು ಚನ್ನಯ್ಯ ಓದುತ್ತಾ ಹೋಗುತ್ತಿದ್ದರು. ಜನ ಕೇಳುತ್ತಿದ್ದದ್ದೂ ಪಂಚಾಂಗ ಕೇಳಿದ ಹಾಗೆಯೇ. ತನ್ನ ರಾಶಿ ಬಂದಾಗ ಕಿವಿ ನೆಟ್ಟಗೆ, ಉಳಿದ ಹನ್ನೊಂದಕ್ಕೆ ಬೀಡಿ. ತನ್ನ ಸಾಲು ಮುಗಿದರೆ ಟವೆಲ್ ಕೊಡವಿಕೊಂಡು ಮನೆಗೆ. ಅಲ್ಲದೆ, ಯಜಮಾನನ ರಾಶಿಯೇ ಮನೆಯ ರಾಶಿ. ಅವನಿಗೆ ಲಾಭವಿದ್ದರೆ ಮನೆಗೆ ಲಾಭ, ಅವನಿಗೆ ಶನಿ ಹಿಡಿದರೆ ಹೆಂಡತಿಗೂ ಶನಿ.

ಎರಡು ಯುಗಾದಿ ಸುಂಕಪ್ಪ ಕಟ್ಟೆಯಿಂದ ಬಂದು ಒಂದೇ ಮಾತು ಹೇಳಿದ್ದ. "ನಮ್ಮ ಸಾಲಿಗೆ ಮಂಡಿ ಇಲ್ಲ." ಹಂಪಕ್ಕ ನಂಬಿದ್ದಳು. ನಂಬಿಕೆ ಕೆಟ್ಟದ್ದು ದೀಪಾವಳಿಯ ಹೊತ್ತಿಗೆ. ಎರ್ರಿಯಪ್ಪನ ಹೆಂಡತಿ ಅದೇ ವಿಮೆಯಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು, ಕಪ್ಪು ಕನ್ನಡಕ ಏರಿಸಿ ನಲ್ಲಿ ಹತ್ತಿರ ಸಿನಿಮಾದವಳ ಹಾಗೆ ನಿಂತಳು. ಕಣ್ಣಿನ ಸುದ್ದಿಯನ್ನು ಸುಂಕಪ್ಪ ಮನೆಗೆ ತಂದೇ ಇರಲಿಲ್ಲ. ಕೇಳಿದರೆ, "ಅದನ್ನ ಓದೇ ಇಲ್ಲ" ಅಂದ. ಓದಿದ್ದರು. ಗಣಿಯ ಸಿಡಿತಕ್ಕೆ ಅವನ ಎಡಗಿವಿ ಎಂದೋ ಹೋಗಿತ್ತು. ಕಟ್ಟೆಯಲ್ಲಿ ಅವನು ಖಾಯಂ ಕೂರುತ್ತಿದ್ದ ಜಾಗದಲ್ಲಿ ಚನ್ನಯ್ಯನ ಕಡೆಗಿರುತ್ತಿದ್ದದ್ದು ಆ ಎಡಗಿವಿಯೇ.

ಅದಕ್ಕೇ ಈ ಯುಗಾದಿಗೆ ಹೋಳಿಗೆ ಬೇಯಿಸಿಟ್ಟವಳೇ ಸೊಸೆಗೆ ಹೇಳಿದಳು. "ಕುರ್ಚಿ ತಗೋ. ನಮ್ಮ ಕಿವಿ ನಾವ ಒಯ್ಯಾಣ."

ಚನ್ನಯ್ಯ ಗಂಟಲು ಸರಿಮಾಡಿಕೊಂಡು ಹೊಸ ಸಂವತ್ಸರದ ಹೆಸರು ಪರಾಭವ ಎಂದರು.

"ಹೆಸರ ಸೋಲು" ಎಂದ ಎರ್ರಿಯಪ್ಪ. "ಇನ್ನೇನ್ ಕೇಳಾದು? ಎದ್ದು ಮನಿಗೆ ನಡೀರಿ."

"ಲೇ ಎರ್ರ್ಯಾ, ನೀ ಗೆದ್ದ ವರ್ಷ ಯಾವ್ದಿತ್ತು ಹೇಳು" ಎಂದರು ಚನ್ನಯ್ಯ, ತಲೆ ಎತ್ತದೆ. ನಗು ನಿಂತ ಮೇಲೆ ಮಳೆ ಓದಿದರು, ಬೆಳೆ ಓದಿದರು, ಹನ್ನೆರಡು ರಾಶಿ ಓದಿದರು. ಹಂಪಕ್ಕನಿಗೆ ಒಂದೂ ತಲೆಗೆ ಹೋಗಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದಳು.

"ಇನ್ನು ಕಂಪನಿ ಫಲ" ಎಂದು ಚನ್ನಯ್ಯ ಕಾಗದ ಬಿಡಿಸಿದರು. "ಆಸ್ಪತ್ರೆ ಸ್ಥಾನ. ಹೊಸಪೇಟೆಯಲ್ಲಿ ಎರಡಿದ್ದವು, ಒಂದು ಅಸ್ತ. ಬಳ್ಳಾರಿಯಲ್ಲಿ ಒಂದು ಉದಯ. ಕಣ್ಣಿನ ಪೊರೆ, ಎಲ್ಲ ಸಾಲಿಗೂ ಶುಭ, ಬದಲಿಲ್ಲ. ಹಲ್ಲು, ಯಾವ ಸಾಲಿಗೂ ಇಲ್ಲ."

"ಹಲ್ಲ ಇಲ್ಲದವ್ರಿಗೆ ಹಲ್ಲಿನ ವಿಮಾ ಯಾಕಲೇ" ಎಂದು ಯಾರೋ ಕೂಗಿದರು.

"ಮಂಡಿ ಬದಲಿ. ಹಳೇ ವರ್ಷ ಎಪ್ಪತ್ತಕ್ಕಿದ್ದ ಗೆರೆ ಹೊಸ ವರ್ಷದಲ್ಲಿ ಅರವತ್ತೈದಕ್ಕೆ ಇಳಿದಿದೆ. ಅರವತ್ತೈದರ ಒಳಗಿನವರಿಗೆ ಉಂಟು. ದಾಟಿದವರಿಗೆ ಇಲ್ಲ."

ಸುಂಕಪ್ಪ ಹೆಂಡತಿಯ ಕಡೆ ಮೊದಲ ಸಲ ತಿರುಗಿದ. ಮುಖದಲ್ಲಿ ಗೆದ್ದವನ ಕಳೆ. "ಕೇಳಿದ್ಯಾ? ಎರಡು ವರ್ಷದಿಂದ ನಾ ಏನ್ ಹೇಳಾಕತ್ತೀನಿ? ಏಳು, ಮನಿಗೆ ನಡಿ."

ಹಂಪಕ್ಕ ಏಳಲಿಲ್ಲ. "ಅಯ್ಯಾರ, ಹಳೇ ಗೆರಿ ಎಲ್ಲಿತ್ತಂದ್ರಿ?"

"ಎಪ್ಪತ್ತಕ್ಕಮ್ಮಾ."

"ಮತ್ತ ನನಗ ಅರವತ್ತೆಂಟಲ್ರಿ?"

ಕಟ್ಟೆಯವರೆಲ್ಲ ಒಟ್ಟಿಗೆ ಮಾತಾಡತೊಡಗಿದರು.

"ನಾವು ಎಪ್ಪತ್ತಮೂರರ ಸಾಲು!" ಎಂದ ಸುಂಕಪ್ಪ.

"ಗಂಡನ ಸಾಲ ಹೆಂಡ್ತಿ ಸಾಲು ಯಕ್ಕಾ" ಎಂದು ಎರ್ರಿಯಪ್ಪ ತಿಳಿಹೇಳಿದ. "ಗಂಡನ ರಾಶಿ ಮನಿ ರಾಶಿ ಇದ್ದಂಗ."

"ರಾಶಿ ಇರ್ಲಪ್ಪ. ಮಂಡಿ ಯಾರ್ದು?" ಎಂದು ಹಂಪಕ್ಕ ಗಂಡನ ಕಡೆ ಕೈ ಮಾಡಿದಳು. ನಾಲ್ಕು ಜನರೆದುರು ಗಂಡನಿಗೆ ಬಹುವಚನ ಹಚ್ಚುವುದು ಅವಳ ರೂಢಿ. ಈಗ ಅದು ಮರೆತೇ ಹೋಯಿತು. "ಎಪ್ಪತ್ತಮೂರು ನಿಂದು. ನಂದಲ್ಲ. ನಿನ್ನ ವಯಸ್ಸು ನನ್ನ ಮಂಡಿಗ್ಯಾಕ ಹಚ್ಚೀ?"

"ಅಯ್ಯಾರ, ನೀವರ ಹೇಳ್ರಿ" ಎಂದ ಸುಂಕಪ್ಪ.

ಚನ್ನಯ್ಯ ಕನ್ನಡಕ ತೆಗೆದು ಒರೆಸಿದರು. "ನಾ ಸಾಲು ಓದೀನಿ ಸುಂಕಪ್ಪ. ಯಾರ ಸಾಲು ಯಾವ್ದಂತ ನನ್ನ ಯಾರೂ ಕೇಳಿಲ್ಲ. ನನಗೂ ಹೊಳೀಲಿಲ್ಲ."

ಅಷ್ಟರಲ್ಲಿ ಪಲ್ಲವಿ ಫೋನು ತೆಗೆದಾಗಿತ್ತು. ಹೊಸಪೇಟೆಯಲ್ಲಿ ಉಳಿದಿದ್ದ ಆ ಒಂದು ಆಸ್ಪತ್ರೆಗೆ ಹಚ್ಚಿ ಸ್ಪೀಕರ್ ಹಾಕಿದಳು. ಕಟ್ಟೆಯ ಅಷ್ಟೂ ಟವೆಲುಗಳು ಅವಳ ಸುತ್ತ ಬಾಗಿದವು.

"ವಿಮಾ ಕೌಂಟರ್, ಸುಧಾರಾಣಿ ಮಾತಾಡಾದು, ಹೇಳ್ರಿ."

"ಮೇಡಂ, ನಮ್ಮ ಅತ್ತಿಯವ್ರಿಗೆ ಮಂಡಿ ಬದ್ಲಿ ಆಪರೇಶನ್ ಆಗಬೇಕ್ರಿ. ವಿಮಾ ನಮ್ಮ ಮಾವನ ಕಂಪನೀದು."

"ವಯಸ್ಸೆಷ್ಟ್ರಿ?"

ಪಲ್ಲವಿ ಬಾಯಿ ತೆಗೆಯುವ ಮೊದಲೇ ಸುಂಕಪ್ಪ ಬಾಗಿ ಫೋನಿಗೆ ಕೂಗಿದ. "ಎಪ್ಪತ್ತಮೂರು!"

"ಆಪರೇಶನ್ ಯಾರಿಗೆ ಯಜಮಾನ್ರ, ನಿಮಗೋ?"

"ನನಗ್ಯಾಕ! ನನ್ನ ಹೆಂಡ್ತಿಗೆ."

"ಮತ್ತ ನಿಮ್ಮ ವಯಸ್ಸು ತಗೊಂಡು ನಾ ಏನ್ ಮಾಡ್ಲಿ? ಯಾರ ಮಂಡಿನೋ ಅವ್ರ ವಯಸ್ಸು ಹೇಳ್ರಿ!"

ಗುಡಿಯ ಮೇಲಿನ ಪಾರಿವಾಳಗಳು ಹಾರುವಷ್ಟು ಜೋರಾಗಿ ಕಟ್ಟೆ ನಕ್ಕಿತು. ಎರ್ರಿಯಪ್ಪ ನಗಲಿಲ್ಲ. ಅವನ ಹೆಂಡತಿಗೂ ಮಂಡಿ ನೋವಿತ್ತು. ಅವನು ಬೆರಳು ಮಡಚಿ ಅವಳ ವಯಸ್ಸು ಹಾಕುತ್ತಿದ್ದ.

ಸುಧಾರಾಣಿ ನಿಧಾನವಾಗಿ ಬಿಡಿಸಿ ಹೇಳಿದಳು. ವಿಮೆಯಲ್ಲಿರುವ ಒಬ್ಬೊಬ್ಬರಿಗೂ ಅವರವರ ವಯಸ್ಸೇ ಲೆಕ್ಕ. ಅರವತ್ತೆಂಟು ಅಂದರೆ ಹಳೇ ವರ್ಷದ ಪ್ರಕಾರ ಉಂಟು, ಹೊಸ ವರ್ಷದ ಪ್ರಕಾರ ಇಲ್ಲ. ಯಾವ ವರ್ಷ ಎಂದು ನಿರ್ಧಾರವಾಗುವುದು ಆಪರೇಶನ್ ದಿನದಿಂದಲ್ಲ, ಆಸ್ಪತ್ರೆಗೆ ಸೇರಿದ ದಿನದಿಂದ. "ಮಾರ್ಚ್ ಮೂವತ್ತೊಂದರೊಳಗ ಅಡ್ಮಿಟ್ ಆಗ್ರಿ, ಹಳೇ ಲೆಕ್ಕ. ಏಪ್ರಿಲ್ ಒಂದಕ್ಕ ಬಂದ್ರ ನಾನ ಮನಿಗೆ ಕಳಸ್ತೀನಿ. ನಾಳೆ ಡಾಕ್ಟ್ರು ಇರ್ತಾರ. ಜಲ್ದಿ ಬರ್ರಿ."

ಹೋದ ವರ್ಷ ಯುಗಾದಿ ಮಾರ್ಚಿನ ತುದಿಗೆ ಬಿದ್ದಿತ್ತು. ಈ ಸಲ ತಿಂಗಳ ನಡುವೆಯೇ ಬಂದದ್ದರಿಂದ ಕೈಯಲ್ಲಿ ಒಂದಿಷ್ಟು ದಿನ ಉಳಿದಿದ್ದವು. ಹಂಪಕ್ಕ ಕುರ್ಚಿಯಿಂದ ಎದ್ದಳು. ಬರುವಾಗ ಮೂರು ಕಡೆ ನಿಂತವಳು ಹೋಗುವಾಗ ಒಂದು ಕಡೆಯೂ ನಿಲ್ಲಲಿಲ್ಲ. ನೋವು ಇರಲಿಲ್ಲವೆಂದಲ್ಲ. ಅದನ್ನು ಕೇಳುವ ವ್ಯವಧಾನ ಅವಳಿಗಿರಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಅತ್ತೆ ಸೊಸೆ ಹೊಸಪೇಟೆಗೆ ಹೊರಟರು. ಕಂಡಕ್ಟರ್ ಮೇಲಿಂದ ಕೈ ಹಿಡಿದು ಎಳೆದ, ಪಲ್ಲವಿ ಕೆಳಗಿಂದ ನೂಕಿದಳು. ಅದಿರಿನ ಲಾರಿಗಳ ಹಿಂದೆ ಬಸ್ಸು ತೆವಳಿದಾಗಲೆಲ್ಲ ಹಂಪಕ್ಕ ಡ್ರೈವರನಿಗೆ, "ಓವರ್‌ಟೇಕ್ ಹೊಡಿಯಪ್ಪಾ, ಮಾರ್ಚ್ ಮುಗೀತೈತಿ" ಎಂದು ಕೂಗುತ್ತಿದ್ದಳು.

ಡಾಕ್ಟರ್ ಲಿಂಗರಾಜ್ ಎಕ್ಸ್‌ರೇ ಬೆಳಕಿಗೆ ಹಿಡಿದರು. "ಎರಡೂ ಸವೆದು ಹೋಗ್ಯಾವು. ಇಷ್ಟು ದಿನ ಏನ್ ಮಾಡಿದ್ರಮ್ಮಾ?"

"ಗಂಡನ ಸಾಲಿನ್ಯಾಗ ಇದ್ದೆ. ಎರಡೂ ಒಮ್ಮೆಗ ಮಾಡಿಬಿಡ್ರಿ ಸಾಹೇಬ್ರ."

"ಇದೇನು ಚಪ್ಪಲಿ ಜೋಡಿ ಏನ್ರಿ? ನಿಮ್ಮ ವಯಸ್ಸಿಗೆ, ಈ ಸಕ್ಕರೆ ಕಾಯಿಲೆಗೆ, ಒಂದ ಕಾಲು ಮಾಡಾದು. ಅದು ವಾಸಿಯಾದ ಮ್ಯಾಲ ಇನ್ನೊಂದು." ಅವರು ರಕ್ತದ ರಿಪೋರ್ಟಿನ ಮೇಲೆ ಬೆರಳಿಟ್ಟರು. "ಅದಿರ್ಲಿ, ನಿನ್ನೆ ಎಷ್ಟು ಹೋಳಿಗಿ ತಿಂದ್ರಿ?"

"ಹಬ್ಬದಾಗ ಎಣಿಸಿ ತಿಂದ್ರ ದರಿದ್ರ ಬರ್ತೈತ್ರಿ."

"ಎಣಿಸದ ತಿಂದ್ರ ಇದು ಬರ್ತೈತಿ." ಸಕ್ಕರೆ ಇಳಿಯದೆ ಮಂಡಿ ಕುಯ್ದರೆ ಗಾಯ ಮಾಗುವುದಿಲ್ಲ, ಕೀವು ತುಂಬುತ್ತದೆ ಎಂದು ನೇರವಾಗಿ ಹೇಳಿದರು. ಮಾತ್ರೆ ಬದಲಿಸಿ ಬರೆದರು. ಮೂವತ್ತನೇ ತಾರೀಕು ಸೋಮವಾರ ಬಂದು ತೋರಿಸಬೇಕು. ಇಳಿದಿದ್ದರೆ ಅಂದೇ ಅಡ್ಮಿಟ್. ಇಳಿಯದಿದ್ದರೆ ಯಾವ ವಿಮೆ ಇದ್ದರೂ ಅವರು ಕತ್ತಿ ಹಿಡಿಯುವವರಲ್ಲ. "ಇನ್ನೊಂದು. ಆಪರೇಶನ್ ಆದ ಮ್ಯಾಲ ನೆಲದ ಮ್ಯಾಲ ಕುಂದ್ರಂಗಿಲ್ಲ. ಯಾವತ್ತೂ."

"ನಾ ನಿಂದ್ರಾಕ ಬಂದೀನ್ರಿ. ಕುಂದ್ರಾಕಲ್ಲ."

"ಯಾವ ಕಾಲು ಮೊದ್ಲು?"

ಹಂಪಕ್ಕ ಕಣ್ಣು ಮುಚ್ಚಿ, ಇಲ್ಲದ ರೊಟ್ಟಿಯೊಂದನ್ನು ಗಾಳಿಯಲ್ಲಿ ಬಡಿದು ನೋಡಿದಳು. ಬಡಿಯುವ ಕೈ ಬಲಗೈ. ನಿಂತಾಗ ಭಾರ ಬೀಳುವುದು ಬಲಗಾಲಿನ ಮೇಲೆ. "ಬಲಗಾಲು" ಎಂದಳು. ಎಡಗಾಲಿನ ಸರದಿ ಬರುವಷ್ಟರಲ್ಲಿ ಹೊಸ ವರ್ಷ ಬಂದಿರುತ್ತದೆ, ಅದಕ್ಕೆ ವಿಮೆ ಇರುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದಳು.

ಮನೆಯಲ್ಲಿ ಸುಂಕಪ್ಪ ಕೇಳಿದ. "ಮತ್ತ ಎಡಗಾಲು?"

"ಅದು ಇನ್ನ ನಿನ್ನ ಸಾಲಿಗೆ ಬಂತು. ಇಬ್ರೂ ಕೂಡಿ ಕುಂಟ್ರಿ."

ಆ ಮಾತಿಗೆ ಅವನು ಒಂದು ಹೊತ್ತು ಉಣ್ಣಲಿಲ್ಲ. ಇನ್ನೊಂದು ಹೊತ್ತು ಉಂಡ.

ಸಕ್ಕರೆ ಇಳಿಸುವುದು ಆ ಕಾಲೊನಿಯಲ್ಲಿ ಸುಲಭದ ಕೆಲಸವಾಗಿರಲಿಲ್ಲ. ಹಂಪಕ್ಕನ ಸಾಲಿನ ಸುದ್ದಿ ಓಣಿ ಓಣಿಗೆ ಹರಡಿತ್ತು. ಶುಭ ಹೇಳಲು ಬರಿಗೈಲಿ ಹೋಗುವ ಪದ್ಧತಿ ಅಲ್ಲಿಲ್ಲ. ಒಬ್ಬಳು ಕರಿಗಡುಬು ತಂದಳು, ಇನ್ನೊಬ್ಬಳು ಶೇಂಗಾ ಹೋಳಿಗೆ. ಕಂಪ್ಲಿಯ ತವರಿನಿಂದ ಅಣ್ಣನ ಮಗ ಒಂದು ಡಬ್ಬಿ ಬೆಲ್ಲದುಂಡೆ ಹಿಡಿದುಕೊಂಡೇ ಬಂದ. ತಿನ್ನದಿದ್ದರೆ ಸಿಟ್ಟು, ತಿಂದರೆ ಸೋಮವಾರ ಕೆಟ್ಟಿತು.

ದಾರಿ ಹುಡುಕಿದವಳು ಪಲ್ಲವಿ. ಮಾವನನ್ನು ಬಾಗಿಲ ಮುಂದೆ ಅದೇ ನೀಲಿ ಕುರ್ಚಿಯಲ್ಲಿ, ಎಡಗಿವಿ ಓಣಿಯ ಕಡೆಗಿರುವಂತೆ ಕೂರಿಸಿದಳು. "ಮಾವ, ನೀವೇನೂ ಮಾಡಬ್ಯಾಡ್ರಿ. ಸುಮ್ನ ಕುಂದ್ರಿ." ಬಂದವರು ಹಂಪಕ್ಕ ಹಂಪಕ್ಕ ಎಂದು ಕೂಗಿದರು, ಸುಂಕಪ್ಪ ಎದುರಿನ ಬೇವಿನ ಮರ ನೋಡುತ್ತಾ ಕೂತ. ಕೈ ಹಿಡಿದು ಅಲುಗಿಸಿದರೆ, "ಆಂ? ಆಕಿ ಮಲಗ್ಯಾಳ" ಎಂದು ಡಬ್ಬಿ ಇಸಿದುಕೊಂಡ. ಡಬ್ಬಿಯಲ್ಲಿದ್ದದ್ದನ್ನು ಒಳಗೆ ಹೋಗುವ ಮುಂಚೆ ಅವನೇ ಮುಗಿಸಿದ. "ಆಕಿ ಸಲುವಾಗಿ ತಿನ್ನಾಕತ್ತೀನಿ" ಎಂದು ಸೊಸೆಗೆ ಹೇಳಿದ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಅತ್ತ ಗುಡಿಯ ಕಟ್ಟೆಯಲ್ಲಿ ಚನ್ನಯ್ಯ ಎರಡನೇ ಸಲ ಕೂರಬೇಕಾಯಿತು. ಈ ಸಲ ಕಟ್ಟೆಯ ಸುತ್ತ ಬಣ್ಣಬಣ್ಣದ ಪ್ಲಾಸ್ಟಿಕ್ ಕುರ್ಚಿಗಳು. ಹೆಂಗಸರು ಅವರನ್ನು ಉಸಿರಾಡಲು ಬಿಡಲಿಲ್ಲ. "ಅಯ್ಯಾರ, ನನ್ನ ಸಾಲು ಓದ್ರಿ", "ಕಾರ್ಡಿನ್ಯಾಗ ಅರವತ್ತು, ನಿಜಕ್ಕ ಎಷ್ಟೋ ಗೊತ್ತಿಲ್ರಿ", "ಹಳೇದು ಮೊದ್ಲು ಹೇಳ್ರಿ, ಆಮ್ಯಾಲ ಹೊಸಾದು." ಎರ್ರಿಯಪ್ಪನ ಹೆಂಡತಿಗೆ ಅರವತ್ತೆರಡು. ಹೊಸ ಗೆರೆಗೂ ಒಳಗೆ. ಅವಳಿಗೆ ಅವಸರವಿರಲಿಲ್ಲ, ಅವಳು ಕಪ್ಪು ಕನ್ನಡಕ ಸರಿಮಾಡಿಕೊಂಡು ಗಂಡನ ಕಡೆ ನೋಡಿದಳು. ಎರ್ರಿಯಪ್ಪ ಯಾರನ್ನೂ ಕೆಣಕದೆ ಚಹಾ ಕುಡಿದ ದಿನ ಅದೊಂದೇ.

ಹಂಪಕ್ಕ ಸುಮ್ಮನೆ ಕೂರಲಿಲ್ಲ. ಗೌಂಡಿ ರಾಯಣ್ಣನನ್ನು ಕರೆಸಿ, ಅಡುಗೆಮನೆಯಲ್ಲಿ ನಿಂತು ರೊಟ್ಟಿ ಬಡಿಯಲು ಒಂದು ಕಟ್ಟೆ ಕಟ್ಟು ಎಂದಳು. ಗೋಡೆ ಹಿಡಿದು ನಿಂತಳು. ರಾಯಣ್ಣ ಅವಳ ಮೊಣಕೈಯಿಂದ ಅಳತೆ ತೆಗೆದುಕೊಂಡ, ಗೋಡೆಗೆ ಸುಣ್ಣದಲ್ಲಿ ಗೆರೆ ಎಳೆದ. "ಆಪರೇಶನ್ನ ಆಗಿಲ್ಲ, ಆಗಲೇ ಕಟ್ಟಿ ಏನಕ್ಕಾ?" ಎಂದ.

"ಸಕ್ಕರಿ ಇಳಿದ್ರ ನನಗ. ಇಳೀದಿದ್ರ ಖಾನಾವಳಿಯವನ ಮಶೀನ್ ಇಡಾಕ ಬಾಡಿಗಿ ಕೊಡ್ತೀನಿ. ನೀ ಕಟ್ಟು."

ಸೋಮವಾರ ಸಕ್ಕರೆ ಇಳಿದಿತ್ತು. ಡಾಕ್ಟರ್ ಲಿಂಗರಾಜ್ ರಿಪೋರ್ಟನ್ನು ಎರಡು ಸಲ ನೋಡಿ ತಲೆ ಆಡಿಸಿದರು. ಹಂಪಕ್ಕ ಎದ್ದು ನಿಂತುಬಿಟ್ಟಳು. ಆಗ ನರ್ಸ್ ಬಿಪಿ ನೋಡಿದಳು. ಅದು ಏರಿ ಕೂತಿತ್ತು.

"ಗಾಬರಿ ಆಗ್ಯಾದೇನ್ರಿ?" ಎಂದರು ಡಾಕ್ಟರು.

"ಗಾಬರಿ ಅಲ್ರಿ, ಖುಷಿ! ಖುಷಿ ಅಂತ ಬರ್ಕೊಳ್ರಿ!"

"ಮಶೀನಿಗೆ ಎರಡೂ ಒಂದ. ಹೊರಗ ಹೋಗಿ ಸುಮ್ನ ಕುಂದ್ರಿ. ಇನ್ನೊಮ್ಮೆ ನೋಡಾಣ."

ಸುಮ್ಮನೆ ಕೂರುವುದು ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ. ವಿಮಾ ಕೌಂಟರಿನ ಎದುರಿನ ಬೆಂಚಿನ ಮೇಲೆ ಕೂತಳು. ಗಾಜಿನ ಹಿಂದೆ ಸುಧಾರಾಣಿ, ಅಂದು ಫೋನಿನಲ್ಲಿ ಗದರಿದವಳು, ಕಂಪ್ಯೂಟರ್ ಮುಂದೆ ಇದ್ದಳು. ಕಾಗದಪತ್ರ ಎಲ್ಲ ವಿಮೆಯವರಿಗೆ ಹೋಗಿತ್ತು. ಒಪ್ಪಿಗೆ ಬಂದರೆ ಅಡ್ಮಿಟ್. ಹಂಪಕ್ಕನ ಕಣ್ಣು ಗಾಜಿನ ಮೇಲೆ. ಸುಧಾರಾಣಿ ನೀರು ಕುಡಿದರೂ ಇವಳ ಎದೆ ಹೊಡೆದುಕೊಳ್ಳುತ್ತಿತ್ತು.

"ಅತ್ತಿ, ಆ ಕಡಿ ನೋಡಬ್ಯಾಡ್ರಿ. ಬಿಪಿ ಏರ್ತೈತಿ."

"ಎಲ್ಲಿ ನೋಡ್ಲಿ ಮತ್ತ?"

"ಮಾವನ್ನ ನೋಡ್ರಿ."

ಸುಂಕಪ್ಪ ಬೆಂಚಿನ ಆ ತುದಿಯಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದ. ನೋಡುತ್ತಾ ನೋಡುತ್ತಾ ಹಂಪಕ್ಕನಿಗೆ ಬೇಸರ ಬಂತು. ಬೇಸರದಲ್ಲಿ ಬಿಪಿ ಇಳಿಯಿತು. ನರ್ಸ್ ಬಂದು ಮತ್ತೆ ಪಟ್ಟಿ ಸುತ್ತಿ, "ಈಗ ಪರವಾಗಿಲ್ರಿ" ಎಂದಳು.

ಊಟದ ಹೊತ್ತು ಮೀರಿತು. ಹುಲುಗೇಶ ಶಿಫ್ಟಿನಿಂದ ನಾಲ್ಕು ಸಲ ಫೋನು ಮಾಡಿದ. ಹೊರಗೆ ಬಿಸಿಲು ಇಳಿಯುವ ಹೊತ್ತಿಗೆ ಗಾಜಿನ ಹಿಂದಿನ ಕುರ್ಚಿ ಜರುಗಿದ ಸದ್ದಾಯಿತು. ಸುಧಾರಾಣಿ ಒಳಗಿಂದಲೇ ಕೂಗಬಹುದಿತ್ತು. ಕೂಗಲಿಲ್ಲ, ಎದ್ದು ಹೊರಗೇ ಬಂದಳು.

"ಹಂಪಕ್ಕ ಯಾರ್ರಿ?"

"ನಾನು! ಅರವತ್ತೆಂಟು!"

"ಬಂತು ನೋಡ್ರಿ ಒಪ್ಪಿಗೆ. ಹಳೇ ವರ್ಷದಾಗ. ಬಲ ಮಂಡಿ. ನಡೀರಿ, ಬೆಡ್ ಕೊಡ್ತೀನಿ."

ಪಲ್ಲವಿ ಕಿರುಚಿದ್ದು ಸುಂಕಪ್ಪನ ಎಡಗಿವಿಗೂ ಕೇಳಿಸಿತು. ಅವನು ಗಡಬಡಿಸಿ ಎದ್ದ. "ಏನಾತು? ಯಾರ ಸಾಲು?"

"ನಂದು" ಎಂದಳು ಹಂಪಕ್ಕ.

ಮಾರ್ಚಿನ ಕೊನೆಯ ದಿನ ಆಪರೇಶನ್ ಆಯಿತು. ಮರುದಿನ, ವಿಮೆಯ ಹೊಸ ವರ್ಷದ ಮೊದಲ ಬೆಳಿಗ್ಗೆ, ವ್ಯಾಯಾಮ ಮಾಡಿಸುವ ಹುಡುಗ ವಾಕರ್ ತಂದು ಮಂಚದ ಪಕ್ಕ ಇಟ್ಟ. "ಅಜ್ಜಿ, ಇವತ್ತು ನಿಂತ್ರ ಸಾಕು. ಹಂಪಿ ಗುಡ್ಡ ಆಮ್ಯಾಲ ಹತ್ತಾಣ" ಎಂದ. ಹಂಪಕ್ಕ ಹಲ್ಲು ಕಚ್ಚಿದಳು. ಬೈದಳು. ಹುಡುಗನನ್ನು, ಡಾಕ್ಟರನ್ನು, ಗಂಡನನ್ನು, ಬೈಯಲು ಯಾರೂ ಉಳಿಯದಿದ್ದಾಗ ಖಾನಾವಳಿಯವನನ್ನು. ಬೈಯುತ್ತಲೇ ಎದ್ದು ನಿಂತಳು.

ಬಲಗಾಲು ನೆಟ್ಟಗಿತ್ತು. ನೋವಿಗೆ ಬೆವರು ಇಳಿಯುತ್ತಿತ್ತು, ಆದರೆ ಕಾಲು ನಡುಗಲಿಲ್ಲ. ಎರಡು ವರ್ಷದಿಂದ ಸೊಟ್ಟಗೆ ಬಗ್ಗಿಯೇ ನಿಲ್ಲುತ್ತಿದ್ದವಳಿಗೆ ಕೋಣೆಯ ಎಲ್ಲವೂ ಒಂದಿಷ್ಟು ಕೆಳಗೆ ಹೋದಂತೆ ಕಂಡಿತು. ಮಂಚಕ್ಕೆ ಅಡ್ಡಲಾಗಿ ಊಟದ ತಟ್ಟೆ ಇಡುವ ಗಾಲಿಯ ಮೇಜು ಇತ್ತು. "ಅದನ್ನ ಇತ್ತ ಎಳಿ" ಎಂದಳು ಪಲ್ಲವಿಗೆ. ಎಡಗೈಯಲ್ಲಿ ವಾಕರ್ ಬಿಗಿ ಹಿಡಿದು ಬಲಗೈ ಅಂಗೈಯಿಂದ ಮೇಜಿನ ಮೇಲೆ ಬಡಿದಳು. ಪಟ್. ಪಟ್ ಪಟ್. ಕೈ ತಾನಾಗಿ ಸುತ್ತ ತಿರುಗತೊಡಗಿತು, ಮೊದಲು ನಡುವೆ, ಆಮೇಲೆ ಅಂಚಿಗೆ. ಪಕ್ಕದ ಮಂಚದ ಮುದುಕಿ ಎದ್ದು ಕೂತು, "ಯಾರವ್ವಾ ರೊಟ್ಟಿ ಬಡಿಯೋರು?" ಎಂದಳು.

"ಅಜ್ಜಿ, ಸಾಕು, ಕುಂದ್ರಿ" ಎಂದ ಹುಡುಗ.

"ತಡಿಯಪ್ಪ." ಅವಳು ಮೇಜನ್ನೂ ತನ್ನ ಮೊಣಕೈಯನ್ನೂ ಕಣ್ಣಲ್ಲೇ ಅಳೆದಳು. ಎಡಗಾಲನ್ನು ನೋಡಿಕೊಂಡಳು, ಅದು ಹಳೆಯ ಹಾಗೇ ಬಾಗಿ, ಹಿಮ್ಮಡಿ ನೆಲಕ್ಕೆ ತಾಗದೆ ನಿಂತಿತ್ತು. ಬಾಗಿಲಲ್ಲಿ ಚಹಾದ ಲೋಟ ಹಿಡಿದು ನಿಂತ ಗಂಡನಿಗೆ, ಬಲಗಿವಿಗೆ ಬೀಳುವಂತೆ ಹೇಳಿದಳು.

"ರಾಯಣ್ಣಗ ಫೋನ್ ಹಚ್ಚು. ಅಳತಿ ತಪ್ಪೇತಿ, ಕಟ್ಟಿ ಎರಡು ಬೆರಳು ಏರಿಸಂತ ಹೇಳು. ಎಡಗಾಲ ಕೆಳಗ ಇಡಾಕ ಒಂದು ಹಲಗಿನೂ ಬೇಕು. ಮಶೀನ್ ಬ್ಯಾಡಂತ ಖಾನಾವಳಿಯವಗ ನಾನ ಹೇಳ್ತೀನಿ."